ಆಂಜಿಯೋಪ್ಲ್ಯಾಸ್ಟಿ ನಂತರ ರಕ್ತನಾಳ ಮತ್ತೆ ಕಿರಿದಾಗುವುದೇಕೆ?

ಹೃದಯದ ರಕ್ತನಾಳದಲ್ಲಿನ ಅಡಚಣೆ ನಿವಾರಿಸಿ ಸ್ಟೆಂಟ್ ಅಳವಡಿಸಿದ ಮೇಲೆ ಎದೆನೋವು ಕಡಿಮೆಯಾಗುತ್ತದೆ. ಕೆಲವೇ ದಿನಗಳಲ್ಲಿ ರೋಗಿ ಮನೆಗೆ ಮರಳುತ್ತಾರೆ. ಕಾಯಿಲೆಯೇ ವಾಸಿಯಾಯಿತು ಎಂಬ ತಪ್ಪು ಕಲ್ಪನೆ ಮೂಡುವುದು ಆಗಲೇ. ವಾಸ್ತವವಾಗಿ ಆಂಜಿಯೋಪ್ಲ್ಯಾಸ್ಟಿ ಸರಿಪಡಿಸುವುದು ರಕ್ತನಾಳದ ಒಂದು ಭಾಗವನ್ನು ಮಾತ್ರ. ಅಡಚಣೆಗೆ ಕಾರಣವಾದ ಕಾಯಿಲೆ ಹಾಗೆಯೇ ಉಳಿದಿರುತ್ತದೆ.

1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್ಜಿಗ್ ಅವರು ಮೊದಲ ಬಾರಿಗೆ ರೋಗಿಯೊಬ್ಬರ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಬಲೂನನ್ನಷ್ಟೇ ಬಳಸುತ್ತಿದ್ದ ಆ ಕಾಲದಲ್ಲಿ ಸುಮಾರು ಶೇ. 30ರಿಂದ 40ರಷ್ಟು ರೋಗಿಗಳಲ್ಲಿ ಆರು ತಿಂಗಳೊಳಗೆ ಅದೇ ಜಾಗ ಪುನಃ ಕಿರಿದಾಗುತ್ತಿತ್ತು. ಹಿಗ್ಗಿದ ನಾಳ ತನ್ನ ಸ್ಥಿತಿಸ್ಥಾಪಕ ಗುಣದಿಂದ ಮತ್ತೆ ಕುಗ್ಗುವುದು ಇದಕ್ಕೆ ಒಂದು ಕಾರಣ. ಬಲೂನಿನ ಒತ್ತಡದಿಂದಾದ ಗಾಯ ಮಾಯುವಾಗ ಒಳಭಿತ್ತಿಯಲ್ಲಿ ಜೀವಕೋಶಗಳು ಅತಿಯಾಗಿ ಬೆಳೆಯುವುದು ಮತ್ತೊಂದು ಕಾರಣ.

1986ರಲ್ಲಿ ಮೊದಲು ಬಳಕೆಯಾದ ಲೋಹದ ಸ್ಟೆಂಟ್ ನಾಳ ಕುಗ್ಗುವುದನ್ನು ತಡೆಯಿತು. ಆದರೆ ಒಳಗಿನ ಬೆಳವಣಿಗೆ ನಿಲ್ಲಲಿಲ್ಲ. 2000ದ ದಶಕದ ಆರಂಭದಲ್ಲಿ ಬಂದ ಔಷಧ ಲೇಪಿತ ಸ್ಟೆಂಟ್‌ಗಳು ಈ ಬೆಳವಣಿಗೆಯನ್ನೂ ಹತ್ತಿಕ್ಕಿದವು. ಇಂದಿನ ಸ್ಟೆಂಟ್‌ಗಳಲ್ಲಿ ಮೊದಲ ವರ್ಷ ಮರು ಅಡಚಣೆಯ ಪ್ರಮಾಣ ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ. ಮಧುಮೇಹ ಇರುವವರಲ್ಲಿ, ಸಣ್ಣ ನಾಳಗಳಲ್ಲಿ ಹಾಗೂ ಉದ್ದನೆಯ ಸ್ಟೆಂಟ್ ಹಾಕಿದಲ್ಲಿ ಅಪಾಯ ಹೆಚ್ಚು. ಮೊದಲ ವರ್ಷದ ನಂತರವೂ ಪ್ರತಿ ವರ್ಷ ಸುಮಾರು ಶೇ. 2ರಷ್ಟು ರೋಗಿಗಳಲ್ಲಿ ಸ್ಟೆಂಟ್‌ಗೆ ಸಂಬಂಧಿಸಿದ ತೊಂದರೆ ಕಾಣಿಸಿಕೊಳ್ಳುತ್ತದೆ.

ಎರಡು ಬಗೆಯ ತೊಂದರೆ

ನಾಳ ಕಿರಿದಾಗುವುದು ನಿಧಾನದ ಪ್ರಕ್ರಿಯೆ. ಮೆಟ್ಟಿಲು ಹತ್ತುವಾಗ ಹಿಂದಿನಂತೆಯೇ ಎದೆ ಬಿಗಿಯುವುದು, ಏದುಸಿರು ಬರುವುದು ಅದರ ಸೂಚನೆಗಳು. ಔಷಧ ಲೇಪಿತ ಬಲೂನ್, ಮತ್ತೊಂದು ಸ್ಟೆಂಟ್ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆ ಇದಕ್ಕೆ ಪರಿಹಾರ.

ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟುವುದು ಹಾಗಲ್ಲ. ಅದು ಅಪರೂಪ, ಆದರೆ ಹಠಾತ್ತನೆ ಹೃದಯಾಘಾತವಾಗಿ ಪ್ರಾಣಕ್ಕೇ ಎರವಾಗಬಹುದು. ಇದನ್ನು ತಡೆಯಲೆಂದೇ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್‌ನಂತಹ ಎರಡನೆಯ ಮಾತ್ರೆಯನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳು ನೀಡಲಾಗುತ್ತದೆ. ನೋವಿಲ್ಲವೆಂದೋ, ಹಲ್ಲು ಕೀಳಿಸಬೇಕೆಂದೋ ಹೃದ್ರೋಗ ತಜ್ಞರನ್ನು ಕೇಳದೆ ಇವನ್ನು ನಿಲ್ಲಿಸುವುದು ಅಪಾಯಕಾರಿ.

ಉಳಿದ ನಾಳಗಳ ಗತಿ

ಹೃದಯಾಘಾತ ಅಥವಾ ಅದಕ್ಕೆ ಸಮೀಪದ ಸ್ಥಿತಿಯಲ್ಲಿ ದಾಖಲಾಗಿದ್ದ ಸುಮಾರು 700 ರೋಗಿಗಳನ್ನು ಗಮನಿಸಿದ ‘ಪ್ರಾಸ್ಪೆಕ್ಟ್’ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಮರುಕಳಿಸಿದ ತೊಂದರೆಗಳಲ್ಲಿ ಸರಿಸುಮಾರು ಅರ್ಧದಷ್ಟು ಸ್ಟೆಂಟ್ ಹಾಕಿದ ಜಾಗದಲ್ಲಲ್ಲ, ಬೇರೆಡೆ ಹುಟ್ಟಿದ್ದವು. ಆ ಜಾಗಗಳನ್ನು ಕಾಪಾಡುವುದು ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ, ರಕ್ತದೊತ್ತಡ ಹಾಗೂ ಸಕ್ಕರೆಯ ನಿಯಂತ್ರಣ, ತಂಬಾಕು ವರ್ಜನೆ ಮತ್ತು ನಿತ್ಯದ ನಡಿಗೆ. ಸ್ಟೆಂಟ್ ಹಾಕಿಸಿಕೊಂಡವರ ಚಿಕಿತ್ಸೆ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಮುಗಿಯುವುದಿಲ್ಲ; ಬಹುಪಾಲು ಚಿಕಿತ್ಸೆ ಮನೆಯಲ್ಲಿಯೇ ನಡೆಯಬೇಕು.