ಬಾಯಿಯಿಂದ ಮದ್ದು ತುಂಬುವ ರೈಫಲು ಮತ್ತು ಅದರ ಗುರಿ



ಮಲೆನಾಡಿನ ಹಳೆಯ ಮನೆಗಳಲ್ಲಿ ಉದ್ದ ನಳಿಗೆಯ ಕೇಪಿನ ಕೋವಿಯನ್ನು ಗೋಡೆಗೆ ತೂಗಹಾಕಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ತೋಟೆ ಹಾಕುವ ಬಂದೂಕಿನಂತೆ ಅದನ್ನು ಹಿಂಬದಿಯಿಂದ ತುಂಬುವಂತಿಲ್ಲ. ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಯಿಂದ ಹಾಕಿ ಸಲಾಕೆಯಿಂದ ತಳಕ್ಕೆ ಒತ್ತಬೇಕು. ನಮ್ಮ ಅಜ್ಜನವರಲ್ಲಿ ಇಂಥದೊಂದು ಕೋವಿ ಇದ್ದಿತು. ಅವರು ತಮ್ಮ ತಾರುಣ್ಯದಲ್ಲಿ ಒಂದು ಸಂಜೆ ಕಡವೆಗೆ ಹೊಡೆದ ಗುಂಡು ಎದೆಗೆ ತಾಗದೆ ಹೊಟ್ಟೆಗೆ ತಾಗಿತಂತೆ. ಕತ್ತಲಾಗುವವರೆಗೂ ರಕ್ತದ ಜಾಡು ಹಿಡಿದು ನಡೆದರೂ ಮೃಗವು ಸಿಕ್ಕಲಿಲ್ಲ. ಮೂರನೆಯ ದಿನ ಹದ್ದುಗಳು ಸುತ್ತುತ್ತಿದ್ದ ಕಡೆ ಅದರ ಒಡಲು ಕಂಡಿತು. “ಪೂರಾ ತಪ್ಪಿದ ಗುಂಡಿಗೆ ಪಾಪವಿಲ್ಲ, ಅರ್ಧ ತಾಗಿದ ಗುಂಡಿಗೆ ಉಂಟು” ಎಂದು ಅವರು ಕಡೆಯವರೆಗೂ ಹೇಳುತ್ತಿದ್ದರು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯ ವಿನೋದಕ್ಕೆ ತೆರೆಯೆಳೆಯಿತು. ಆದರೆ ಅಮೆರಿಕಾ ದೇಶದ ಅನೇಕ ರಾಜ್ಯಗಳಲ್ಲಿ ಬಾಯಿಯಿಂದ ತುಂಬುವ ಬಂದೂಕಿಗೆಂದೇ ಜಿಂಕೆಯ ಬೇಟೆಗೆ ಪ್ರತ್ಯೇಕ ಋತುವುಂಟು. ಮತ್ತೆ ತುಂಬುವಷ್ಟರಲ್ಲಿ ಮೃಗವು ಓಡಿರುತ್ತದೆ. ಬೇಟೆಗಾರನಿಗೆ ದೊರೆಯುವುದು ಒಂದೇ ಗುಂಡು. ಆ ಒಂದನ್ನು ಗುರಿಗೆ ಮುಟ್ಟಿಸುವ ಬಗೆ ಹೇಗೆಂಬುದೇ ಇಂದಿನ ವಿಚಾರ.

ಮೊದಲು, ಗುಂಡು ಏಕೆ ತಪ್ಪುತ್ತದೆಂಬುದನ್ನು ನೋಡೋಣ. ನಮ್ಮ ಕೇಪಿನ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪಾಗಿರುತ್ತದೆ. ಸಡಿಲವಾದ ಗುಂಡು ಅದರ ಗೋಡೆಗೆ ಅಲ್ಲಲ್ಲಿ ಉಜ್ಜಿ, ಯಾವುದೋ ಒಂದು ದಿಕ್ಕಿಗೆ ಉರುಳುತ್ತ ಹೊರಬೀಳುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನು ಇದನ್ನು ಒಂದು ಚಮತ್ಕಾರದ ಪ್ರಯೋಗದಿಂದ ತೋರಿಸಿದನು. ನಳಿಗೆಯ ತುದಿಯನ್ನು ಕೊಂಚ ಎಡಕ್ಕೆ ಬಗ್ಗಿಸಿ ಹಾರಿಸಲು, ಗುಂಡು ಮೊದಲು ಎಡಕ್ಕೆ ಹೊರಟು, ಮುಂದೆ ಹೋಗುತ್ತ ಬಲಕ್ಕೆ ತಿರುಗಿತು! ಬಲಪಕ್ಕದ ಗೋಡೆಗೆ ಉಜ್ಜಿ ಪಡೆದ ಉರುಳುವಿಕೆಯಿಂದ ಗಾಳಿಯು ಅದನ್ನು ಆ ಕಡೆಗೆ ತಳ್ಳಿತು. ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ತಾನು ಹೋಗುವ ದಾರಿಯನ್ನೇ ಅಚ್ಚು ಮಾಡಿಕೊಂಡು ಬುಗುರಿಯಂತೆ ತಿರುಗುವುದೆಂದೂ, ಆಗ ಓರೆ ಹೋಗದೆಂದೂ ಅವನು ೧೭೪೭ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಇಂಥ ಸುರುಳಿಗೀರು ಉಳ್ಳ ಬಂದೂಕೇ ರೈಫಲು.

ಆದರೆ ಬಾಯಿಯಿಂದ ಹಾಕುವ ಗುಂಡು ಗೀರುಗಳನ್ನು ಹಿಡಿಯುವುದು ಹೇಗೆ? ಬಿಗಿಯಾದರೆ ಅದು ಒಳಗೆ ಇಳಿಯದು. ಸಡಿಲವಾದರೆ ಗೀರಿಗೆ ತಾಗದು. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಕಸಬುದಾರರ ರೈಫಲುಗಳಲ್ಲಿ ಇದಕ್ಕೆ ಉಪಾಯ ಒಂದು ತುಂಡು ಬಟ್ಟೆ. ಅರ್ಧ ಅಂಗುಲ ವ್ಯಾಸದ ನಳಿಗೆಗೆ ೦.೪೯ ಅಂಗುಲದ ಸೀಸದ ಗುಂಡನ್ನು ಆರಿಸಿ, ೦.೦೧೫ ಅಂಗುಲ ದಪ್ಪದ, ಕೊಬ್ಬು ಸವರಿದ ಬಟ್ಟೆಯನ್ನು ಸುತ್ತಿದರೆ, ಎರಡು ಪಕ್ಕ ಸೇರಿ ೦.೫೨ ಅಂಗುಲವಾಗುತ್ತದೆ. ಮಿಕ್ಕ ಬಟ್ಟೆ ಅಮುಕಿಕೊಂಡು ಗೀರುಗಳಲ್ಲಿ ತುಂಬುತ್ತದೆ. ಗೀರು ಬಟ್ಟೆಯನ್ನು ತಿರುಗಿಸುತ್ತದೆ, ಬಟ್ಟೆ ಗುಂಡನ್ನು ತಿರುಗಿಸುತ್ತದೆ. ದುಂಡು ಗುಂಡಿಗೆ ಮೆಲ್ಲನೆಯ ತಿರುಪು ಸಾಕು, ಸುಮಾರು ೬೬ ಅಂಗುಲಕ್ಕೆ ಒಂದು ಸುತ್ತು. ಉದ್ದನೆಯ ಗುಂಡಿಗೆ ಇನ್ನೂ ಬಿರುಸಾದ ತಿರುಪು ಬೇಕು. ಆದುದರಿಂದ ನಳಿಗೆಗೆ ಒಪ್ಪುವ ಗುಂಡನ್ನು ಆರಿಸುವುದೇ ಮೊದಲನೆಯ ಹೆಜ್ಜೆ.

ಎರಡನೆಯ ಶತ್ರು ಮಸಿ. ಪೆಟ್ಲುಪ್ಪು ೭೫, ಇದ್ದಿಲು ೧೫, ಗಂಧಕ ೧೦ ಪಾಲು ಸೇರಿದ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯಾಗಿಯೂ ಕಿಟ್ಟವಾಗಿಯೂ ಉಳಿಯುತ್ತದೆ. ಪ್ರತಿ ಗುಂಡಿಗೂ ನಳಿಗೆ ಕಿರಿದಾಗುತ್ತ ಬರುತ್ತದೆ. ೧೮೫೭ರ ಇತಿಹಾಸವನ್ನು ಓದಿದವರಿಗೆ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟೆ ನೆನಪಿರಬೇಕು. ಗುಂಡು ಸುಗಮವಾಗಿ ಇಳಿಯಲೆಂದೂ ಕಿಟ್ಟವು ಮೆತ್ತಗಿರಲೆಂದೂ ಹಚ್ಚಿದ ಆ ಜಿಡ್ಡು ಏನೇನನ್ನು ಹೊತ್ತಿಸಿತೆಂಬುದು ನಿಮಗೆ ಗೊತ್ತೇ ಇದೆ. ಅದೇ ೧೮೫೭ರಲ್ಲಿ ಜೋಸೆಫ್ ವಿಟ್‌ವರ್ತನ ಆರುಮೂಲೆ ನಳಿಗೆಯ ರೈಫಲು ಪರೀಕ್ಷೆಯಲ್ಲಿ ಎನ್‌ಫೀಲ್ಡನ್ನು ಮೀರಿಸಿತು. ೧೮೬೦ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ಮಹಾರಾಣಿಯವರು, ಆಧಾರದ ಮೇಲೆ ಬಿಗಿದಿಟ್ಟಿದ್ದ ಆ ರೈಫಲಿನಿಂದ ೪೦೦ ಗಜ ದೂರಕ್ಕೆ ಹಾರಿಸಿದ ಗುಂಡು ನಡುಬಿಂದುವಿನಿಂದ ಒಂದೂಕಾಲು ಅಂಗುಲದಲ್ಲಿ ತಾಗಿತು. ಹಾಗಿದ್ದರೂ ಸೈನ್ಯವು ಅದನ್ನು ಎಲ್ಲರಿಗೂ ಹಂಚಲಿಲ್ಲ. ಬೆಲೆ ಹೆಚ್ಚು, ಕಿಟ್ಟವೂ ಬೇಗ ಕಟ್ಟುತ್ತಿತ್ತು. ಗುರಿಯ ಸಾಮರ್ಥ್ಯವು ಚೊಕ್ಕಟತನವನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು ಅಭ್ಯಾಸದ ಮಾತು. ರೈಫಲನ್ನು ಮರಳುಚೀಲದ ಮೇಲಿಟ್ಟು, ೫೦ ಗಜದಲ್ಲಿ ಕಾಗದದ ಗುರಿಯನ್ನು ನಿಲ್ಲಿಸಬೇಕು. ಆ ಬಂದೂಕನ್ನು ಮಾಡಿದವರು ಗೊತ್ತುಮಾಡಿದ ಮಿತಿಯೊಳಗೆ, ಕರಿಮದ್ದನ್ನೇ ಬಳಸಿ, ಕಡಮೆ ಪ್ರಮಾಣದಿಂದ ಆರಂಭಿಸಬೇಕು. ಹೊಗೆಯಿಲ್ಲದ ಮದ್ದನ್ನು ತುಂಬಿದರೆ ನಳಿಗೆಯೇ ಸಿಡಿಯಬಹುದು. ೬೦ ಗ್ರೇನು, ಎಂದರೆ ಹಳೆಯ ತೊಲದ ಮೂರನೆಯ ಒಂದು ಪಾಲು, ಅಳತೆಯ ಕೊಳವಿಯಿಂದ ಹಾಕಿ ಐದು ಗುಂಡು ಹಾರಿಸಿ, ತೂತುಗಳು ಎಷ್ಟು ಹತ್ತಿರ ಬಿದ್ದಿವೆಯೆಂದು ನೋಡಬೇಕು. ಆಮೇಲೆ ಐದೈದು ಗ್ರೇನು ಏರಿಸುತ್ತ ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಮದ್ದನ್ನೂ ಬಟ್ಟೆಯನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಯಾವುದರಿಂದ ಲಾಭವಾಯಿತೆಂಬುದು ತಿಳಿಯದು. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ ನಳಿಗೆಯನ್ನು ಒರಸಬೇಕು. ಸಲಾಕೆಯ ಮೇಲೆ ಗುರುತು ಕೊರೆದಿಟ್ಟರೆ ಗುಂಡು ಮದ್ದಿನ ಮೇಲೆ ಸರಿಯಾಗಿ ಕುಳಿತಿದೆಯೇ ಎಂಬುದು ಗೊತ್ತಾಗುತ್ತದೆ. ನಡುವೆ ಸಂದು ಉಳಿದರೆ ಗುರಿಯೊಡನೆ ಕೈಯೂ ಹೋದೀತು. ಹಾರಿಸಿದ ಮೇಲೆ ನೆಲಕ್ಕೆ ಬಿದ್ದ ಬಟ್ಟೆಯನ್ನು ಹುಡುಕಿ ನೋಡಿ: ಅದು ಹರಿದು ಸುಟ್ಟಿದ್ದರೆ, ಬಟ್ಟೆ ತೆಳುವಾಯಿತು, ಇಲ್ಲವೆ ಜಿಡ್ಡು ಸಾಲದು.

ಕಾಗದದ ಮೇಲೆ ಗೆದ್ದವನು ಕಾಡಿನಲ್ಲಿ ಸೋಲುವುದು ಒಂದು ಕಾರಣದಿಂದ. ಅಭ್ಯಾಸದಲ್ಲಿ ಅವನು ಎಣಿಸಿದ್ದು ಬಿಸಿಯಾದ ನಳಿಗೆಯ ಐದನೆಯ ಗುಂಡು. ಬೇಟೆಯಲ್ಲಿ ಹಾರುವುದು ತಣ್ಣಗಿರುವ, ಶುಭ್ರವಾದ ನಳಿಗೆಯ ಮೊದಲನೆಯ ಗುಂಡು. ಎರಡೂ ಒಂದೇ ಕಡೆ ಬೀಳುವುದೆಂದು ನಂಬಬಾರದು. ನಾಲ್ಕಾರು ದಿನ ಬೆಳಗ್ಗೆ ಒಂದೊಂದೇ ಗುಂಡನ್ನು ಒಂದೇ ಕಾಗದಕ್ಕೆ ಹೊಡೆದು, ಅವು ಬಿದ್ದ ಕಡೆಗೆ ಗುರಿಯನ್ನು ಹೊಂದಿಸಿಕೊಳ್ಳಬೇಕು. ದುಂಡು ಗುಂಡಿನ ವೇಗವು ೧೦೦ ಗಜ ಹೋಗುವಷ್ಟರಲ್ಲಿ ಅರ್ಧಕ್ಕೆ ಸಮೀಪ ಇಳಿಯುತ್ತದೆ. ಆದುದರಿಂದ ತನ್ನ ಎಲ್ಲ ಗುಂಡುಗಳೂ ಅಂಗೈಯಗಲದಲ್ಲಿ ಬೀಳುವ ದೂರವನ್ನು ಮೀರಿ ಹೊಡೆಯದಿರುವುದೇ ಒಳ್ಳೆಯದು.

ಗುರಿಯೆಂಬುದು ಕಣ್ಣಿನ ಮಹಿಮೆ ಎಂದು ನಾವು ತಿಳಿಯುತ್ತೇವೆ. ಈ ಹಳೆಯ ಬಂದೂಕು ಹೇಳುವುದು ಬೇರೆ: ಅದೇ ಅಳತೆ, ಅದೇ ಒತ್ತಡ, ಅದೇ ಚೊಕ್ಕಟ, ಪ್ರತಿ ಸಲವೂ. ಅಷ್ಟು ಮಾಡಿದವನಿಗೆ ಯಾವಾಗ ಹೊಡೆಯಬಾರದೆಂಬುದೂ ತಿಳಿಯುತ್ತದೆ. ನಮ್ಮ ಅಜ್ಜನವರು ಆ ಕಡವೆಯ ನಂತರ ಕೋವಿಯನ್ನು ಗೋಡೆಯಿಂದ ಇಳಿಸುತ್ತಿದ್ದುದು ಆಯುಧಪೂಜೆಗೆ ಮಾತ್ರ.