ದಾಖಲೆಯಲ್ಲಿ ಕಾಣೆಯಾದ ಸೇವಾ ಪದಕ: ಮಾಜಿ ಸೈನಿಕರು ಮಾಡಬೇಕಾದುದೇನು?

ದೊಡ್ಡಬಳ್ಳಾಪುರ: ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದಂದು ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಗೌರವಿಸುವುದು ತಾಲ್ಲೂಕು ಕೇಂದ್ರಗಳಲ್ಲಿ ರೂಢಿ. ಆಗ ಒಂದೇ ಯುದ್ಧದಲ್ಲಿ ಸೇವೆ ಸಲ್ಲಿಸಿದ ಇಬ್ಬರ ಪೈಕಿ ಒಬ್ಬರ ಎದೆಯ ಮೇಲೆ ಪದಕಗಳ ಸಾಲು ಇದ್ದು, ಮತ್ತೊಬ್ಬರ ಎದೆ ಬರಿದಾಗಿರುವುದು ಉಂಟು. ಇದಕ್ಕೆ ಸೇವೆಯಲ್ಲಿನ ಕೊರತೆಯೇ ಕಾರಣವೆಂದು ಭಾವಿಸಬೇಕಿಲ್ಲ. ದಶಕಗಳ ಹಿಂದೆ ದಾಖಲೆಯಲ್ಲಿ ಬರೆಯದೆ ಉಳಿದ ಒಂದು ಸಾಲೂ ಕಾರಣವಾಗಿರಬಹುದು.

ಅಂತಹ ಸಾಲನ್ನು ನಿವೃತ್ತಿಯ ಅನಂತರವೂ ಸೇರಿಸಲು ಅವಕಾಶವಿದೆ. ಆದರೆ ಕಾಲ ಸರಿಯುತ್ತಿದೆ. 1971ರ ಯುದ್ಧದ ವೇಳೆ ಹದಿನೆಂಟರ ಹರೆಯದಲ್ಲಿದ್ದ ಯೋಧರು ಈಗ ಎಪ್ಪತ್ತು ದಾಟಿದ್ದಾರೆ. ಅವರೊಂದಿಗೆ ಇದ್ದ ಸಾಕ್ಷಿಗಳು ಕಡಿಮೆಯಾಗುತ್ತಿದ್ದಾರೆ. ಅಷ್ಟೇ ಅಲ್ಲ, ಪಿಂಚಣಿ ಇಲ್ಲದೆ ಸೇನೆಯಿಂದ ಹೊರಬಂದವರ ಮೂಲ ದಾಖಲೆಗಳನ್ನು 25 ವರ್ಷಗಳ ಬಳಿಕ ನಾಶಪಡಿಸಲು ಸೇನಾ ನಿಯಮಾವಳಿಯಲ್ಲಿಯೇ ಅವಕಾಶವಿದೆ.

ಯಾರಿಗೆ ಯಾವ ಪದಕ?

ಸೇನಾ ಪದಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮೊದಲಾದವು ಶೌರ್ಯ ಪ್ರಶಸ್ತಿಗಳು. ಮೇಲಧಿಕಾರಿಗಳ ಶಿಫಾರಸಿನ ಮೇರೆಗೆ ಇವು ದೊರೆಯುತ್ತವೆ. ಹಕ್ಕೆಂದು ಕೇಳಿ ಪಡೆಯುವಂತಹವಲ್ಲ. ಎರಡನೆಯ ಬಗೆ ಸೇವಾ ಪದಕಗಳು. ನಿಗದಿತ ಅವಧಿಯಲ್ಲಿ, ನಿಗದಿತ ಪ್ರದೇಶದಲ್ಲಿ ಸೇವೆ ಸಲ್ಲಿಸಿದ ಪ್ರತಿಯೊಬ್ಬರೂ, ಸಿಪಾಯಿಯಾಗಲಿ ಜನರಲ್ ಆಗಲಿ, ಇವುಗಳಿಗೆ ಅರ್ಹರು.

1962ರ ಚೀನಾ ಯುದ್ಧಕ್ಕೆ ಜನರಲ್ ಸರ್ವಿಸ್ ಮೆಡಲ್‌ಗೆ ‘ಲಡಾಖ್ 1962’ ಮತ್ತು ‘ನೇಫಾ 1962’ ಎಂಬ ಪಟ್ಟಿಗಳನ್ನು ಸೇರಿಸಲಾಯಿತು. 1965ರ ಯುದ್ಧಭೂಮಿಯಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್, ಆಗ ನಿಗದಿತ ಸೇವಾವಧಿ ಪೂರೈಸಿದ್ದವರಿಗೆ ರಕ್ಷಾ ಮೆಡಲ್ ಸಂದಿವೆ. 1971ರಲ್ಲಿ ಪೂರ್ವ ರಂಗದಲ್ಲಿ ಕಾದಾಡಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದವರಿಗೆ ಪಶ್ಚಿಮಿ ಸ್ಟಾರ್, ಗಡಿ ರಾಜ್ಯಗಳ ಕಾರ್ಯಾಚರಣೆ ಪ್ರದೇಶಗಳಲ್ಲಿ ಸೇವೆ ಸಲ್ಲಿಸಿದವರಿಗೆ ಸಂಗ್ರಾಮ್ ಮೆಡಲ್ ಮೀಸಲು. ಶ್ರೀಲಂಕಾಕ್ಕೆ ತೆರಳಿದ ಶಾಂತಿಪಾಲನಾ ಪಡೆಗೆ ವಿಶೇಷ ಸೇವಾ ಪದಕವಿದೆ. 1999ರ ಕಾರ್ಗಿಲ್ ಕದನಕ್ಕೆ ಆಪರೇಷನ್ ವಿಜಯ್ ಸ್ಟಾರ್ ಹಾಗೂ ಆಪರೇಷನ್ ವಿಜಯ್ ಮೆಡಲ್‌ಗಳಿವೆ.

ಯುದ್ಧಕ್ಕೆ ಸಂಬಂಧಿಸದ ಪದಕಗಳೂ ಇವೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಆಗಸ್ಟ್ 15ರಂದು ಇದ್ದವರಿಗೆ 50ನೇ ವರ್ಷದ ಪದಕ ಸಲ್ಲುತ್ತದೆ. ದೀರ್ಘ ಸೇವೆಗಾಗಿ 9, 20 ಮತ್ತು 30 ವರ್ಷಗಳ ಪದಕಗಳಿವೆ. ಇವುಗಳನ್ನು ಸಾಬೀತುಪಡಿಸುವುದು ಸುಲಭ. ಸೇರ್ಪಡೆ ಮತ್ತು ಬಿಡುಗಡೆಯ ದಿನಾಂಕಗಳೇ ಸಾಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಯುದ್ಧ ನಡೆದ ದಿನಗಳಲ್ಲಿ ಸೇನೆಯಲ್ಲಿದ್ದ ಮಾತ್ರಕ್ಕೆ ಯುದ್ಧದ ಸ್ಟಾರ್ ದೊರೆಯುವುದಿಲ್ಲ. 1971ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ತರಬೇತಿ ಕೇಂದ್ರದಲ್ಲಿದ್ದವರು ಪೂರ್ವಿ ಸ್ಟಾರ್ ಕೇಳಲಾಗದು. ಸೇವಾ ಪದಕಗಳಿಗೆ ಮಾಸಿಕ ಭತ್ಯೆಯೂ ಇಲ್ಲ. ಭತ್ಯೆ ಶೌರ್ಯ ಪ್ರಶಸ್ತಿಗಳಿಗೆ ಮಾತ್ರ. ಹಾಗಾದರೆ ಇದಕ್ಕಾಗಿ ಓಡಾಟವೇಕೆ? ‘ನಾನು ಅಲ್ಲಿದ್ದೆ’ ಎಂಬ ಯೋಧನ ಮಾತಿಗೆ ಸರಕಾರ ನೀಡುವ ಪುರಾವೆ ಈ ಪದಕ. ಮಕ್ಕಳು, ಮೊಮ್ಮಕ್ಕಳ ಪಾಲಿಗೆ ಉಳಿಯುವ ಪುರಾವೆಯೂ ಅದೇ.

ಪದಕಕ್ಕೆ ಮೊದಲು ಕಾಗದ

ಪದಕ ಸೈನಿಕನ ಕೈಸೇರುವ ಮೊದಲು ಕಾಗದದಲ್ಲಿ ಹುಟ್ಟುತ್ತದೆ. ಸೈನಿಕ ಪದಕಕ್ಕೆ ಅರ್ಹನಾದಾಗ ಆತನ ಘಟಕವು ‘ಪಾರ್ಟ್ ಟು ಆರ್ಡರ್’ ಎಂಬ ಆದೇಶ ಹೊರಡಿಸುತ್ತದೆ. ಮದುವೆ, ಮಕ್ಕಳ ಜನನ, ಬಡ್ತಿ, ವರ್ಗಾವಣೆ ಎಲ್ಲವೂ ಇದೇ ಆದೇಶದ ಮೂಲಕವೇ ದಾಖಲೆಗೆ ಸೇರುತ್ತವೆ. ಆದೇಶವು ಸಂಬಂಧಪಟ್ಟ ಕೋರ್ ಅಥವಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ತಲುಪಿ, ಸೈನಿಕನ ‘ಶೀಟ್ ರೋಲ್’ನಲ್ಲಿ ನಮೂದಾಗುತ್ತದೆ. ಪದಕಗಳ ವಿತರಣೆಯ ಹೊಣೆ ನವದೆಹಲಿಯಲ್ಲಿರುವ ಸೇನೆಯ ಪದಕ ವಿಭಾಗದ್ದು. ಪದಕಗಳು ಕೋಲ್ಕತ್ತದ ಟಂಕಸಾಲೆಯಲ್ಲಿ ತಯಾರಾಗುತ್ತಿದ್ದವು. ಬೇಡಿಕೆಗೆ ತಕ್ಕಷ್ಟು ಪೂರೈಕೆಯಿಲ್ಲದೆ, ಅರ್ಹತೆ ಪಡೆದ ಸೈನಿಕರೇ ಅಂಗಡಿಗಳಲ್ಲಿ ಪ್ರತಿಕೃತಿ ಕೊಂಡು ಧರಿಸಿದ್ದೂ ಇದೆ.

ಆದ್ದರಿಂದ ‘ಪದಕ ಬಂದಿಲ್ಲ’ ಎಂಬ ದೂರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಒಂದು, ದಾಖಲೆಯಲ್ಲಿ ಪದಕವಿದ್ದು ಲೋಹದ ಪದಕ ಮಾತ್ರ ಬಂದಿಲ್ಲದಿರುವುದು. ಎರಡು, ಬಂದ ಪದಕ ಕಳೆದುಹೋಗಿರುವುದು. ಮೂರು, ದಾಖಲೆಯಲ್ಲಿಯೇ ನಮೂದು ಇಲ್ಲದಿರುವುದು. ಮೊದಲಿನದಕ್ಕೆ ವಿತರಣೆ ಕೋರಿ, ಎರಡನೆಯದಕ್ಕೆ ಬದಲಿ ಪದಕ ಕೋರಿ ಪತ್ರ ಬರೆಯಬೇಕು. ಮೂರನೆಯದಕ್ಕೆ ಮಾತ್ರ ದಾಖಲೆ ತಿದ್ದುಪಡಿಯ ಮನವಿ ಬೇಕಾಗುತ್ತದೆ. ಯಾವುದೆಂದು ತಿಳಿಯಲು ಮೊದಲು ತೆರೆಯಬೇಕಾದುದು ಡಿಸ್ಚಾರ್ಜ್ ಪುಸ್ತಕ. ಪದಕಗಳ ವಿವರವಿರುವ ಪುಟವೊಂದು ಅದರಲ್ಲಿರುತ್ತದೆ.

ನಮೂದು ತಪ್ಪುವುದು ಹೇಗೆ?

ಸೈನಿಕನು ತನ್ನ ಘಟಕ ಬಿಟ್ಟು ಬೇರೊಂದು ಘಟಕದ ಜೊತೆ ತಾತ್ಕಾಲಿಕವಾಗಿ ಕೆಲಸ ಮಾಡಿದಾಗ ತಪ್ಪು ನುಸುಳುವ ಸಾಧ್ಯತೆ ಹೆಚ್ಚು. ಎಂಜಿನಿಯರ್, ಸಿಗ್ನಲ್ಸ್, ಸರಬರಾಜು ಹಾಗೂ ವೈದ್ಯಕೀಯ ವಿಭಾಗಗಳ ಚಿಕ್ಕ ತುಕಡಿಗಳನ್ನು ಕಾಲಾಳು ಪಡೆಗಳ ಜೊತೆ ಕಳುಹಿಸುವುದು ಸಾಮಾನ್ಯ. ಯುದ್ಧದ ನಡುವೆ ಆಸ್ಪತ್ರೆ ಸೇರಿದವರು, ಆದೇಶ ಹೊರಬೀಳುವ ಮುನ್ನವೇ ವರ್ಗವಾದವರು ಅಥವಾ ಬಿಡುಗಡೆಯಾದವರ ಹೆಸರೂ ಪಟ್ಟಿಯಿಂದ ಜಾರಬಹುದು.

ಹೆಸರಿನ ತೊಡಕು ನಮ್ಮ ಭಾಗದವರಿಗೆ ವಿಶೇಷ. ಮುನಿಶಾಮಪ್ಪ ಎಂಬ ಹೆಸರನ್ನು ಉತ್ತರ ಭಾರತದ ಗುಮಾಸ್ತರು ಇಂಗ್ಲಿಷ್‌ನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಲ್ಲರು. ಹೆಸರಿನ ಹಿಂದಿನ ಇನಿಷಿಯಲ್ ಒಂದೆಡೆ ಊರಿನದಾದರೆ ಮತ್ತೊಂದೆಡೆ ತಂದೆಯದು.

ವಿಳಾಸವೂ ಅಷ್ಟೇ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 1986ರಲ್ಲಿ. ಅದಕ್ಕೂ ಮುನ್ನ ಸೇನೆ ಸೇರಿದ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರದ ಯುವಕರ ದಾಖಲೆಗಳಲ್ಲಿ ‘ಬೆಂಗಳೂರು ಜಿಲ್ಲೆ’ ಎಂದಿದ್ದರೆ ಆಶ್ಚರ್ಯವಿಲ್ಲ. ಜಿಲ್ಲೆಯ ಹೆಸರನ್ನು ‘ಬೆಂಗಳೂರು ಉತ್ತರ’ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿದೆ. ಹೀಗಾಗಿ ಮನವಿಯಲ್ಲಿ ಸೇರ್ಪಡೆಯ ಕಾಲದ ಹೆಸರು, ವಿಳಾಸಗಳನ್ನೂ ಇಂದಿನವನ್ನೂ ಎರಡನ್ನೂ ಬರೆಯುವುದು ಒಳಿತು. ಮುಖ್ಯವಾದ ಗುರುತು ಸೇನಾ ಸಂಖ್ಯೆ. ಅದನ್ನು ಪ್ರತಿ ಪತ್ರದಲ್ಲೂ ನಮೂದಿಸಬೇಕು.

ದೇವಯ್ಯ ಪ್ರಕರಣದ ಪಾಠ

ದಾಖಲೆ ಮೌನವಾಗಿದ್ದಾಗ ಸತ್ಯ ಬೇರೆಡೆಯಿಂದ ಬರಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ನಿದರ್ಶನವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ತೆರಳಿ ಹಿಂದಿರುಗಲಿಲ್ಲ. ಭಾರತದ ದಾಖಲೆಗಳಲ್ಲಿ ಅವರು ಕಾಣೆಯಾದ ಪೈಲಟ್ ಅಷ್ಟೇ ಆಗಿದ್ದರು.

1979ರಲ್ಲಿ ಬ್ರಿಟನ್ನಿನ ಲೇಖಕ ಜಾನ್ ಫ್ರಿಕರ್ ಪ್ರಕಟಿಸಿದ ಪುಸ್ತಕದಿಂದ ಎದುರು ಪಾಳಯದ ವಿವರಗಳು ಹೊರಬಿದ್ದವು. ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅಂದು ಭಾರತದ ಮಿಸ್ಟೇರ್ ವಿಮಾನದೊಡನೆ ನಡೆದ ಕಾದಾಟದಲ್ಲಿ ಉರುಳಿತ್ತು. ಆ ಮಿಸ್ಟೇರ್ ದೇವಯ್ಯನವರದೇ ಎಂಬುದು ಪರಿಶೀಲನೆಯಿಂದ ಖಚಿತವಾಯಿತು. ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ಅವರು ಈ ವಿಷಯವನ್ನು ಬಿಡದೆ ಮುಂದಿಟ್ಟರು. ಕೊನೆಗೆ 1988ರಲ್ಲಿ, ಘಟನೆ ನಡೆದ 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಅದು ಶೌರ್ಯ ಪ್ರಶಸ್ತಿಯಾಗಿದ್ದು, ಸೇವಾ ಪದಕದ ಮನವಿಗೆ ಅಷ್ಟು ದೊಡ್ಡ ಶೋಧನೆ ಬೇಕಿಲ್ಲ. ಆದರೂ ದಾರಿ ಒಂದೇ: ಸ್ವಂತ ದಾಖಲೆಯಲ್ಲಿ ಇಲ್ಲದ್ದನ್ನು ಇತರರ ದಾಖಲೆಯಿಂದ ತೋರಿಸುವುದು. ಜೊತೆಗಿದ್ದ ಸೈನಿಕರ ಹೆಸರಿರುವ ಆದೇಶ, ಸೇನಾ ಆಸ್ಪತ್ರೆಯ ಚೀಟಿ, ವರ್ಗಾವಣೆ ಆದೇಶ, ಆಗಿನ ಕಮಾಂಡರ್ ಅಥವಾ ಸಹ ಸೈನಿಕರ ಪ್ರಮಾಣಪತ್ರ ಇವೆಲ್ಲ ಪೂರಕ ಆಧಾರಗಳು. ಯುದ್ಧ ದಿನಚರಿಗಳಂತಹ ಕಡತಗಳಲ್ಲಿ 25 ವರ್ಷಕ್ಕಿಂತ ಹಳೆಯವನ್ನು ತಜ್ಞರಿಂದ ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾಯಿಸುವ ನೀತಿಗೆ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ.

ಮನವಿ ಯಾರಿಗೆ?

ಜವಾನರು ಮತ್ತು ಜೆಸಿಓಗಳ ದಾಖಲೆ ಆಯಾ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಮಿಲಿಟರಿ ಪೊಲೀಸ್, ಪಯೋನಿಯರ್ ಕೋರ್ ಹಾಗೂ ಎಎಸ್‌ಸಿಯ ದಕ್ಷಿಣ ವಿಭಾಗದ ರೆಕಾರ್ಡ್ ಆಫೀಸುಗಳು ಬೆಂಗಳೂರಿನಲ್ಲೇ ಇವೆ. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲಿಂಗ್ಟನ್‌ನಲ್ಲಿ, ಫಿರಂಗಿ ದಳದ್ದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಇಎಂಇಯದು ಸಿಕಂದರಾಬಾದ್‌ನಲ್ಲಿದೆ.

ಆಫೀಸಿನ ಮುಖ್ಯಾಧಿಕಾರಿಗೆ ಬರೆಯುವ ಪತ್ರದಲ್ಲಿ ಸೇನಾ ಸಂಖ್ಯೆ, ಹುದ್ದೆ, ಹೆಸರು, ಸೇರ್ಪಡೆ ಹಾಗೂ ಬಿಡುಗಡೆಯ ದಿನಾಂಕ ಇರಬೇಕು. ಯಾವ ಪದಕ, ಆಗ ಯಾವ ಘಟಕದಲ್ಲಿ, ಎಲ್ಲಿ, ಯಾವಾಗ ಇದ್ದುದು ಎಂಬುದು ಸ್ಪಷ್ಟವಾಗಿರಬೇಕು. ಡಿಸ್ಚಾರ್ಜ್ ಪುಸ್ತಕ ಮತ್ತು ಪಿಂಚಣಿ ಆದೇಶದ ನಕಲುಗಳನ್ನು ಲಗತ್ತಿಸಬೇಕು. ಮೂಲ ಪ್ರತಿಗಳನ್ನು ಕಳುಹಿಸಬಾರದು. ಸ್ಪೀಡ್ ಪೋಸ್ಟ್ ರಸೀದಿಯನ್ನು ಜೋಪಾನ ಮಾಡಬೇಕು. ಯೋಧರು ತೀರಿಕೊಂಡಿದ್ದಲ್ಲಿ ಪತ್ನಿ ಅಥವಾ ವಾರಸುದಾರರು ಮನವಿ ಸಲ್ಲಿಸಬಹುದು. ಪತ್ರ ಬರೆಯಲು ನೆರವು ಬೇಕಾದವರು ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನು ಸಂಪರ್ಕಿಸಬಹುದು.

ದಾಖಲೆಯಲ್ಲಿ ಏನಿದೆ ಎಂಬುದೇ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ನೆರವು ಪಡೆಯಬಹುದು. 10 ರೂಪಾಯಿ ಶುಲ್ಕದೊಂದಿಗೆ ಸ್ವಂತ ಶೀಟ್ ರೋಲ್ ಹಾಗೂ ಪದಕಗಳ ನಮೂದಿನ ನಕಲು ಕೇಳಿದರೆ 30 ದಿನಗಳೊಳಗೆ ಉತ್ತರ ನೀಡಬೇಕೆಂದು ಕಾಯ್ದೆ ವಿಧಿಸಿದೆ.

ದಾಖಲೆಯೇ ನಾಶವಾಗಿದ್ದರೆ?

25 ವರ್ಷಗಳ ನಿಯಮದಂತೆ ಶೀಟ್ ರೋಲ್ ನಾಶವಾದರೂ ‘ಲಾಂಗ್ ರೋಲ್’ ಎಂಬ ವಹಿಯನ್ನು ಉಳಿಸಿಕೊಳ್ಳಲಾಗುತ್ತದೆ. ಅದರಲ್ಲಿರುವುದು ಸೇರ್ಪಡೆ, ಬಿಡುಗಡೆಯಂತಹ ಮೂಲ ವಿವರಗಳು. ಅಂತಹ ಸಂದರ್ಭದಲ್ಲಿ ಮನೆಯ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕವೇ ದೊಡ್ಡ ಆಸ್ತಿ. ‘ದಾಖಲೆ ನಾಶವಾಗಿದೆ’ ಎಂಬ ಉತ್ತರ ಬಂದರೆ ಅದನ್ನೂ ಲಿಖಿತವಾಗಿ ಪಡೆದು, ಲಾಂಗ್ ರೋಲ್ ನಕಲನ್ನು ಕೇಳಬೇಕು.

ಮನವಿ ತಿರಸ್ಕೃತವಾದಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತೆರೆದಿದೆ. 2007ರ ಕಾಯ್ದೆಯಂತೆ ರಚನೆಯಾದ ಈ ಮಂಡಳಿ 2009ರಲ್ಲಿ ಕಾರ್ಯಾರಂಭ ಮಾಡಿತು. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಮನವಿಗೆ ಆರು ತಿಂಗಳವರೆಗೂ ಉತ್ತರ ಬಾರದಿದ್ದರೆ, ಅಲ್ಲಿಂದ ಮುಂದಿನ ಆರು ತಿಂಗಳೊಳಗೆ ಅರ್ಜಿ ಹಾಕಬಹುದು. ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಆದರೆ ರೆಕಾರ್ಡ್ ಆಫೀಸಿಗೆ ಮನವಿಯನ್ನೇ ಸಲ್ಲಿಸದೆ ನೇರವಾಗಿ ಅಲ್ಲಿಗೆ ಹೋದರೆ ಅರ್ಜಿ ಸಾಮಾನ್ಯವಾಗಿ ನಿಲ್ಲದು.

ಮೊದಲ ಹೆಜ್ಜೆಗೆ ವಕೀಲರೂ ಬೇಡ, ಹಣವೂ ಬೇಡ. ಮನೆಯಲ್ಲಿ ಮಾಜಿ ಸೈನಿಕರಿದ್ದಲ್ಲಿ ಅವರ ಡಿಸ್ಚಾರ್ಜ್ ಪುಸ್ತಕವನ್ನು ತೆಗೆದು, ಪದಕಗಳ ಪುಟವನ್ನು ಅವರ ಎದುರೇ ಓದಬೇಕು. ಎಲ್ಲೆಲ್ಲಿ ಸೇವೆ ಸಲ್ಲಿಸಿದರು, ಜೊತೆಗೆ ಯಾರಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ರೆಕಾರ್ಡ್ ಆಫೀಸಿಗೆ ಬರೆಯುವ ಪತ್ರಕ್ಕೆ ಬೇಕಾದ ಬಹುಪಾಲು ವಿವರ ಅಲ್ಲಿಯೇ ದೊರೆಯುತ್ತದೆ.