ಲಡ್ಡು ಮರದ ಲೇಖನಿ

ಲಡ್ಡು ಹಿಡಿದ ಮರ ಕಂಡರೆ ಬಡಗಿ ಒಲೆಗೆ ಹಾಕಿ ಎನ್ನುತ್ತಾನೆ. ಲೇಥಿನಲ್ಲಿ ಪೆನ್ನು ಕಡೆಯುವವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ, ಹೆಚ್ಚು ದುಡ್ಡನ್ನೂ ಕೊಡುತ್ತಾರೆ. ಅವರಿಗೆ ಬೇಕಾದದ್ದು ಪೂರ್ತಿ ಕುಂಬಾದ ಮರವಲ್ಲ, ಕೊಳೆಯಲು ಹೊರಟು ಅರ್ಧದಲ್ಲಿ ನಿಂತ ಮರ. ಪೇಟೆಯಲ್ಲಿ ಅದಕ್ಕೆ ಸ್ಪಾಲ್ಟೆಡ್ ಮರ ಎಂದು ಹೆಸರು.

ಕಡಿದ ದಿಮ್ಮಿ ತೇವದ ನೆಲದಲ್ಲಿ ಬಿದ್ದಿದ್ದರೆ ಶಿಲೀಂಧ್ರಗಳು ಒಳಹೊಗುತ್ತವೆ. ಕೆಲವು ಮರವನ್ನು ಬಿಳಿಚಿಸುತ್ತವೆ, ಕೆಲವು ಬಣ್ಣ ಬಿಡುತ್ತವೆ. 15ನೇ ಶತಮಾನದ ಇಟಲಿಯ ಕುಶಲಕರ್ಮಿಗಳು ಮರದ ಚೂರು ಕೂಡಿಸಿ ಮಾಡಿದ ಚಿತ್ರಗಳಲ್ಲಿ ಹಸಿರಿಗಾಗಿ ಬಳಸಿದ್ದು ಇಂಥ ಶಿಲೀಂಧ್ರ ಹಿಡಿದ ತುಂಡುಗಳನ್ನೇ. ಆದರೆ ಪೆನ್ನಿನವರ ಕಣ್ಣು ಕಪ್ಪು ಗೆರೆಗಳ ಮೇಲೆ. ಎರಡು ಶಿಲೀಂಧ್ರಗಳು ಎದುರಾದಾಗ, ಪಕ್ಕದವನು ಒತ್ತುವರಿ ಮಾಡದಿರಲೆಂದು ರೈತ ಬದು ಹಾಕಿದ ಹಾಗೆ, ಮೆಲನಿನ್ ತುಂಬಿದ ಗೋಡೆ ಕಟ್ಟಿಕೊಳ್ಳುತ್ತವೆ. ಮರ ಕೊಯ್ದಾಗ ಆ ಗೋಡೆಯೇ ಗೆರೆಯಾಗಿ ಕಾಣುತ್ತದೆ. ಅಮೆರಿಕ, ಯುರೋಪಿನಲ್ಲಿ ಇದಕ್ಕೆ ಮೇಪಲ್, ಬೀಚ್ ಮರಗಳು ಹೆಸರುವಾಸಿ. ಏಷ್ಯಾದ ಕಡೆಯಿಂದ ಹೋಗುವುದು ನಮ್ಮ ರಸ್ತೆಬದಿಯ ಹುಣಸೆ. ಅದರ ಬಿಳಿ ಹೊರಮರದ ಮೇಲೆ ಗೆರೆ ಮಸಿಯಲ್ಲಿ ಬರೆದಷ್ಟು ಸ್ಪಷ್ಟ.

ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಕೊಳೆತ ನಿಲ್ಲುತ್ತದೆ. ಬೇಗ ಒಣಗಿಸಿದರೆ ಗೆರೆಯಿಲ್ಲ, ತಡಮಾಡಿದರೆ ಮರವೇ ಇಲ್ಲ. ಸರಿಯಾಗಿ ನಿಂತ ಮರದಲ್ಲೂ ಒಂದು ಜಾಗ ಗಟ್ಟಿ, ಪಕ್ಕದ್ದು ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ಮೆತ್ತಗೆ. ಹಾಗಾಗಿ ತುಂಡನ್ನು ಪೂರ್ತಿ ಒಣಗಿಸಿ, ನಿರ್ವಾತ ಪಾತ್ರೆಯಲ್ಲಿ ತೆಳು ರಾಳದಲ್ಲಿ ಮುಳುಗಿಸಿ, ಒಲೆಪೆಟ್ಟಿಗೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಅಷ್ಟು ಸರಂಜಾಮಿಲ್ಲದವರು ಮೆತ್ತನೆಯ ಜಾಗಕ್ಕೆ ಫೆವಿಕ್ವಿಕ್ ಜಾತಿಯ ನೀರಂಟು ಕುಡಿಸುತ್ತಾರೆ.

ಐದು ಇಂಚು ಉದ್ದ, ಮುಕ್ಕಾಲು ಇಂಚು ದಪ್ಪದ ತುಂಡನ್ನು ಎರಡಾಗಿ ಕೊಯ್ದು, ತೆಳು ಪೆನ್ನಾದರೆ 7 ಮಿ.ಮೀ. ತೂತು ಕೊರೆದು, ಹಿತ್ತಾಳೆ ಕೊಳವೆ ಅಂಟಿಸಿ ಲೇಥಿಗೆ ಏರಿಸುತ್ತಾರೆ. ಉಳಿಗೆ ಕ್ಷೌರದ ಕತ್ತಿಯ ಹರಿತ ಬೇಕು. ಮೊಂಡಾದರೆ ಮೆತ್ತನೆಯ ಭಾಗ ಕಿತ್ತು ಬರುತ್ತದೆ. ಮರಳುಕಾಗದವೂ ಮೋಸಗಾರ: ಮೆದು ಜಾಗವನ್ನು ಬೇಗ ತಿಂದು ಪೆನ್ನಿನ ಮೈಯನ್ನು ಏರಿಳಿತ ಮಾಡುತ್ತದೆ. ಏಳುವ ಧೂಳು ಎದೆಗೆ ಕೆಟ್ಟದ್ದು, ಮುಖಗವಸು ಕಡ್ಡಾಯ.

ಚನ್ನಪಟ್ಟಣದಲ್ಲಿ ತಿರುಗುವ ಹಾಲೆಮರಕ್ಕೆ ಅರಗು ಒತ್ತಿ, ಘರ್ಷಣೆಯ ಕಾವಿನಲ್ಲೇ ಬಣ್ಣ ಕೂಡಿಸುತ್ತಾರೆ. ಪೆನ್ನಿಗೆ ಹೊಳಪು ಕೊಡಲೂ ಲೇಥ್ ತಿರುಗುತ್ತಿರುವಾಗಲೇ ಅದೇ ನೀರಂಟನ್ನು ಪದರ ಪದರವಾಗಿ ಸವರುತ್ತಾರೆ. ಹೊಳಪು ಗಾಜಿನಂತಾಗುತ್ತದೆ, ಮೈಬೆವರಿಗೂ ಜಗ್ಗುವುದಿಲ್ಲ. ನನಗೆ ಮಾತ್ರ ಅದು ತುಸು ಅತಿ ಅನ್ನಿಸುತ್ತದೆ. ಮರದ ಪೆನ್ನು ಹಿಡಿದರೆ ಬೆರಳಿಗೆ ಮರ ಸಿಗಬೇಕು. ಎಣ್ಣೆ, ಮೇಣ ಬೇಗ ಸವೆದರೂ ಸವೆಯಲಿ.

ಕೊಳ್ಳುವವರು ಹೊಳಪಿಗಿಂತ ಪೆನ್ನಿನ ಎರಡು ಭಾಗಗಳ ನಡುವಿನ ಉಂಗುರ ನೋಡಬೇಕು. ಜಾಣ ಕಸುಬುಗಾರ ಕೊಯ್ಯುವ ಮೊದಲೇ ಗುರುತು ಹಾಕಿ, ಕೆಳಗಿನ ಗೆರೆ ಉಂಗುರ ದಾಟಿ ಮೇಲೆ ಮುಂದುವರಿಯುವಂತೆ ಜೋಡಿಸುತ್ತಾನೆ. ತಿರುಗಿಸಿ ತೆರೆಯುವ ಪೆನ್ನಿನಲ್ಲಿ ಮೊನೆ ಒಳಗೆ ಹೋದೊಡನೆ ಗೆರೆ ತಪ್ಪುತ್ತದೆ. ಬರೆಯುವಾಗ ಕೂಡಬೇಕೋ, ಜೇಬಿನಲ್ಲಿದ್ದಾಗ ಕೂಡಬೇಕೋ ಎಂಬುದನ್ನು ಅವನೇ ತೀರ್ಮಾನಿಸಬೇಕು.